ಹದಿನಾಲ್ಕು ಕಿಲೋ

ಜನವರಿ 7

ಪ್ರೀತಿಯ ಕಡ್ಡಿ,

ನಿನ್ನೆ ಸಂಜೆ ಮನೆ ಸೇರಿದೆ. ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಕಾಲು ಊದಿಕೊಂಡಿದೆ, ಮತ್ತೇನಿಲ್ಲ. ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ" ಅಂತ ಕೇಳಿಕೊಂಡು ಆಮೇಲೆ ಸುಮ್ಮನಾಗುತ್ತೇವೆ. ಈಗ ಆ ಪ್ರಶ್ನೆಯನ್ನೂ ಕೇಳುವ ಹಾಗಿಲ್ಲ. ನಿನ್ನ ಡಯಾಲಿಸಿಸ್ ಕೋಣೆಯಲ್ಲಿ ಹೇಗೂ ಫೋನು ಹೊರಗಿಡಿಸುತ್ತಾರೆ, ನಾಲ್ಕು ಗಂಟೆ ನಿನ್ನ ಒಂದು ಕೈ ಖಾಲಿ ಇರುತ್ತದೆ. ಆ ಕೈಯಲ್ಲಿ ಬರೆ. ನಾನೂ ಬರೆಯುತ್ತೇನೆ.

ದೊಡ್ಡ ಡಾಕ್ಟರು ನಿನ್ನನ್ನು ಹೊರಗೆ ಕೂರಿಸಿ ನನಗೆ ಹೇಳಿದ್ದನ್ನು ಹೇಳಿಬಿಡುತ್ತೇನೆ. ರಕ್ತ ಹೊಂದುತ್ತದೆ. ಸಕ್ಕರೆ ಕಾಯಿಲೆ ಇಲ್ಲ. ನನ್ನ ಎರಡೂ ಕಿಡ್ನಿ ಚೆನ್ನಾಗಿವೆ, ಒಂದನ್ನು ನಿನಗೆ ಕೊಡಬಹುದು. ಆದರೆ ತೊಂಬತ್ತನಾಲ್ಕು ಕಿಲೋ ತೂಗುವ ಮೈಯನ್ನು ಅವರು ಕೊಯ್ಯುವುದಿಲ್ಲವಂತೆ. "ಎಂಬತ್ತಕ್ಕೆ ಇಳಿಸ್ಕೊಂಡು ಬನ್ನಿ, ಆಪರೇಷನ್ನಿಗೆ ದಿನ ಕೊಡ್ತೀವಿ" ಅಂದರು. ಮನೆಯಲ್ಲಿ ಬೇರೆ ಯಾರೂ ಇಲ್ಲವಾ ಅಂತಲೂ ಕೇಳಿದರು. ನಿನ್ನ ಹೆಂಡತಿಯ ರಕ್ತ ಹೊಂದಲಿಲ್ಲ, ಅಪ್ಪ ಅಮ್ಮ ಇಲ್ಲ, ಇರುವವಳು ನಾನೊಬ್ಬಳೇ ಅಂದೆ. ಅವರು ಏನೋ ಬರೆದುಕೊಂಡರು.

ಇವತ್ತು ಬೆಳಿಗ್ಗೆಯೇ ಇಲ್ಲಿನ ಕ್ಲಿನಿಕ್ಕಿನ ಡಯಟ್ ಮೇಡಂ ಹತ್ತಿರ ಹೋಗಿದ್ದೆ. ಮಗಳ ವಯಸ್ಸಿನವಳು, ಗೀಟು ಹಾಕಿದ ಹಾಗೆ ಮಾತಾಡುತ್ತಾಳೆ. ದಿನಕ್ಕೆ ಸಾವಿರದ ನಾನೂರು ಕ್ಯಾಲೊರಿ, ಮುಕ್ಕಾಲು ಗಂಟೆ ನಡಿಗೆ, ತಿಂದದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು, ತಿಂಗಳಿಗೊಮ್ಮೆ ತೋರಿಸಬೇಕು. "ವಾರಕ್ಕೆ ಅರ್ಧ ಕಿಲೋ ಸಾಕಮ್ಮ. ಜುಲೈ ಕೊನೆಗೆ ಮುಟ್ತೀರಿ. ಅವಸರ ಮಾಡಿದ್ರೆ ನಿಲ್ಲಲ್ಲ" ಅಂದಳು. ವಾರಕ್ಕೆ ಅರ್ಧ ಕಿಲೋ! ನಾನೂರು ಜನಕ್ಕೆ ಬೇಯಿಸುವವಳಿಗೆ ಅರ್ಧ ಕಿಲೋ ಅಂದರೆ ಪಾತ್ರೆಗೆ ಅಂಟಿಕೊಂಡು ಉಳಿಯುವ ಲೆಕ್ಕ. ನಿನ್ನನ್ನು ಜುಲೈ ತನಕ ಆ ಹಾಸಿಗೆಯಲ್ಲಿ ಮಲಗಿಸಿಡಲು ನನ್ನಿಂದ ಆಗುವುದಿಲ್ಲ. ಮಾರ್ಚ್ ಕೊನೆಗೆ ಮುಗಿಸುತ್ತೇನೆ, ಬರೆದಿಟ್ಟುಕೋ.

ಇದನ್ನೆಲ್ಲ ಬರೆಯುವಾಗ ನನಗೆ ಏನೂ ಅನಿಸುತ್ತಿಲ್ಲ. ನಾಲ್ಕು ವರ್ಷದ ಹಿಂದೆ ನಿನ್ನ ಭಾವ ಹೋದಾಗಿನಿಂದ ಹೀಗೇ. ಪೇಪರಿನಲ್ಲಿ ಯಾರದೋ ಸುದ್ದಿ ಓದಿದ ಹಾಗೆ ನನ್ನ ಸುದ್ದಿ ಕೇಳಿಸುತ್ತದೆ. ತಪ್ಪು ತಿಳಿಯಬೇಡ.

ನಿನ್ನ ಅಕ್ಕ


ಜನವರಿ 17

ಗುಂಡಕ್ಕ,

ಕಾಗದ ಬಂತು. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಪೆನ್ನು. ಸೂಜಿ ಕೈಯಲ್ಲಿ ಹಿಡಿದು ಇಪ್ಪತ್ತು ವರ್ಷ ಬದುಕಿದವನಿಗೆ ಈಗ ಚುಚ್ಚಿಸಿಕೊಳ್ಳುವ ಸರದಿ. ಹೊಲಿಗೆ ಅಂಗಡಿಯನ್ನು ಮಂಗಳವಾರ, ಗುರುವಾರ, ಶನಿವಾರ ಮುಚ್ಚುತ್ತೇನೆ. ಉಳಿದ ದಿನ ಬಟ್ಟೆ ಕತ್ತರಿಸುವಾಗ ಸ್ಟೂಲು ಬೇಕಾಗುತ್ತದೆ.

ನೀನು ಮೂರು ತಿಂಗಳು ಅಂದದ್ದಕ್ಕೆ ನಗು ಬಂತು. ನಿನಗಿಂತ ನಾನು ಜೋರು. ಸೂಜಿ ಚುಚ್ಚುವ ಮೊದಲು ತೂಗುತ್ತಾರೆ, ತೆಗೆದ ಮೇಲೆ ತೂಗುತ್ತಾರೆ. ನಾಲ್ಕು ಗಂಟೆಯಲ್ಲಿ ಎರಡೂವರೆ ಕಿಲೋ ಇಳಿಯುತ್ತೇನೆ! ಬರೀ ನೀರು. ಎರಡು ದಿನದಲ್ಲಿ ಮತ್ತೆ ಏರುತ್ತದೆ. ನನ್ನ ಹೆಂಡತಿ ಲೋಟಕ್ಕೆ ಗೆರೆ ಎಳೆದು ನೀರು ಕೊಡುತ್ತಾಳೆ. ನೀನು ಕ್ಯಾಲೊರಿ ಎಣಿಸು, ನಾನು ಗುಟುಕು ಎಣಿಸುತ್ತೇನೆ.

ಡಯಟ್ ಮೇಡಂ ಹೇಳಿದ ಹಾಗೆ ಮಾಡು ಅಕ್ಕ. ಜುಲೈ ಅಂದರೆ ಜುಲೈ. ನಾನೇನು ಓಡಿಹೋಗುತ್ತೇನಾ? ಹೃದಯದ ಸ್ಕ್ಯಾನ್ ಮಾಡಿದರು, ಚೆನ್ನಾಗಿದೆ ಅಂದರು. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಕಡ್ಡಿ


ಫೆಬ್ರವರಿ 2

ಪ್ರೀತಿಯ ಕಡ್ಡಿ,

ಎರಡು ಕಿಲೋ ಇಳಿದೆ. ತೊಂಬತ್ತೆರಡು. ಕ್ಯಾಂಟೀನಿನ ಉಗ್ರಾಣದಲ್ಲಿ ಮೂಟೆ ತೂಗುವ ಯಂತ್ರವಿದೆಯಲ್ಲ, ಸ್ಟೋರಿನವನು ಟೀ ಕುಡಿಯಲು ಹೋದಾಗ ಹತ್ತಿ ನಿಲ್ಲುತ್ತೇನೆ. ಒಂದು ಸಲ ಸಿಕ್ಕಿಬಿದ್ದೆ. "ಅಮ್ಮ, ನಿಮ್ಮನ್ನ ಯಾವ ಲೆಕ್ಕದಲ್ಲಿ ಬರ್ಕೊಳ್ಳಲಿ, ದವಸನೋ ತರಕಾರಿನೋ?" ಅಂತ ಕೇಳಿದ. ಬೇರೆ ದಿನವಾಗಿದ್ದರೆ ಸೌಟು ತೋರಿಸುತ್ತಿದ್ದೆ.

ನನ್ನ ದಿನ ಹೀಗೆ. ಬೆಳಿಗ್ಗೆ ಫ್ಯಾಕ್ಟರಿಯ ಗೋಡೆಯ ಸುತ್ತ ಮೂರು ಸುತ್ತು, ಐವತ್ತು ನಿಮಿಷ. ಆಮೇಲೆ ಒಲೆ. ತಿಂಡಿಗೆ ಒಂದು ಬ್ರೆಡ್ಡು, ಒಂದು ಮೊಟ್ಟೆ. ಮಧ್ಯಾಹ್ನ ಎಲ್ಲ ಪಾತ್ರೆಗಳ ಉಪ್ಪು ಖಾರ ನೋಡಿ, ಬಡಿಸಿ, ಕೊನೆಗೆ ಒಂದು ಬಟ್ಟಲು ಸೂಪು, ಒಂದು ಹಿಡಿ ಅನ್ನ, ಬೇಯಿಸಿದ ತರಕಾರಿ. ಸಂಜೆ ಎರಡನೇ ಪಾಳಿಯ ಅಡುಗೆ ಹದ ನೋಡಿ ಮನೆಗೆ ಬಂದು ಒಂದು ಸೇಬು, ಒಂದು ಲೋಟ ಹಾಲು. ಸಾವಿರದ ನಾನೂರು ಯಾಕೆ, ಸಾವಿರಕ್ಕೇ ಇಳಿಸಿದ್ದೇನೆ. ಪುಸ್ತಕದಲ್ಲಿ ಒಂದು ಕಾಳೂ ಬಿಡದೆ ಬರೆಯುತ್ತೇನೆ. ಮಲಗುವಾಗ ಹೊಟ್ಟೆ ತಾಳ ಹಾಕುತ್ತದೆ. ಹಾಕಲಿ.

ಡಯಟ್ ಮೇಡಂ ಹತ್ತಿರ ಈ ತಿಂಗಳು ಹೋಗಲಿಲ್ಲ. ಹೋದರೆ ನಿಧಾನ ಮಾಡಿ ಅನ್ನುತ್ತಾಳೆ.

ನಿನ್ನ ಅಕ್ಕ


ಮಾರ್ಚ್ 3

ಕಡ್ಡಿ,

ಎಂಬತ್ತೆಂಟು. ಒಟ್ಟು ಆರು ಕಿಲೋ. ಕೆಲಸ ಜಾಸ್ತಿ ಇದೆ, ಹೆಚ್ಚು ಬರೆಯಲು ಆಗುತ್ತಿಲ್ಲ. ನೀನು ಹುಷಾರು.

ಅಕ್ಕ


ಮಾರ್ಚ್ 12

ಗುಂಡಕ್ಕ,

ಈ ಹೆಸರು ಇನ್ನು ಹೆಚ್ಚು ದಿನ ನಡೆಯುವುದಿಲ್ಲ ಅಂತ ಕಾಣುತ್ತದೆ. ಆರು ಕಿಲೋ! ಕಾಗದವನ್ನು ಪಕ್ಕದ ಹಾಸಿಗೆಯ ಮೇಷ್ಟ್ರಿಗೂ ಓದಿ ಹೇಳಿದೆ. ಅವರಿಗೆ ಕೊಡುವವರು ಯಾರೂ ಇಲ್ಲ. "ಅಕ್ಕ ಅಂದ್ರೆ ಅಕ್ಕ ಕಣಯ್ಯ" ಅಂದು ಗೋಡೆ ಕಡೆ ತಿರುಗಿ ಮಲಗಿದರು.

ನಿನಗೆ ಒಂದು ಒಳ್ಳೆಯ ಉದ್ದ ಕೋಟು ಹೊಲಿಯಬೇಕು ಅಂತಿದ್ದೇನೆ. ಆಸ್ಪತ್ರೆಯಿಂದ ಹೊರಗೆ ಬರುವ ದಿನ ಹಾಕಿಕೋ. ಬಟ್ಟೆ ತೆಗೆದಿಟ್ಟಿದ್ದೇನೆ, ಕಡು ನೀಲಿ. ನನ್ನ ಅಳತೆ ಪುಸ್ತಕದಲ್ಲಿ ನಿನ್ನ ಹಳೆಯ ಲೆಕ್ಕ ಹೀಗಿದೆ: ಎದೆ 46, ಸೊಂಟ 42, ಭುಜ 16, ತೋಳಿನ ಉದ್ದ 22, ಒಟ್ಟು ಉದ್ದ 40. ಹೊಸ ಅಳತೆ ತೆಗೆದು ಕಳಿಸು. ಟೇಪು ಬಿಗಿಯಾಗಿ ಎಳೆಯಬೇಡ, ಉಸಿರು ಹಿಡಿಯಬೇಡ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡ. ಗೊತ್ತಲ್ಲ ನೀನು.

ಎರಡನೇ ಸ್ಕ್ಯಾನ್ ಆಯಿತು. ಪರವಾಗಿಲ್ಲ ಅಂದರು.

ಕಡ್ಡಿ


ಮಾರ್ಚ್ 24

ಕಡ್ಡಿ,

ಕೋಟು ಯಾಕೆ ಈಗ. ಆದರೂ ಕೇಳಿದೆಯಲ್ಲ ಅಂತ ಬರೆದಿದ್ದೇನೆ. ಎದೆ 44, ಸೊಂಟ 40, ಭುಜ 14, ತೋಳಿನ ಉದ್ದ 20, ಒಟ್ಟು ಉದ್ದ 38.

ತೂಕ ಎಂಬತ್ತಾರು. ಇನ್ನು ಆರು ಬಾಕಿ. ಮಾರ್ಚಿಗೆ ಆಗುವುದಿಲ್ಲ, ಏಪ್ರಿಲ್ ಕೊನೆ ಅಂದುಕೋ.

ಅಕ್ಕ


ಏಪ್ರಿಲ್ 5

ಅಕ್ಕ,

ಅಳತೆ ಸಿಕ್ಕಿತು.

ಒಂದು ಸುದ್ದಿ ಇದೆ. ಆಸ್ಪತ್ರೆಯವರ ಪಟ್ಟಿಯಲ್ಲಿ ನನ್ನ ಹೆಸರು ಮೇಲೆ ಬಂದಿದೆ. ತೀರಿಹೋದವರ ಕಿಡ್ನಿ ಸಿಗುವ ಪಟ್ಟಿ ಇದೆಯಲ್ಲ, ಅದು. ಬಹುಶಃ ಬೇಗ ಆಗುತ್ತದೆ. ಆದ್ದರಿಂದ ನೀನು ಇನ್ನು ಕಷ್ಟಪಡಬೇಕಾಗಿಲ್ಲ. ನಡಿಗೆ, ಪುಸ್ತಕ, ಉಪವಾಸ ಎಲ್ಲ ಬಿಡು. ಹೊಟ್ಟೆ ತುಂಬ ಊಟ ಮಾಡು. ಇಷ್ಟು ಮಾಡಿದ್ದೇ ದೊಡ್ಡದು, ನನಗೆ ಯಾವ ಬೇಜಾರೂ ಇಲ್ಲ.

ಕೋಟಿನ ಕೆಲಸ ಸ್ವಲ್ಪ ತಡವಾಗಬಹುದು.

ನಿನ್ನ ತಮ್ಮ


ಏಪ್ರಿಲ್ 13

ಕಡ್ಡಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಸಂತೋಷವಾಯಿತು ಅಂತ ಬರೆಯಬೇಕು, ಬರೆಯುತ್ತಿದ್ದೇನೆ. ಸಂತೋಷವಾಯಿತು.

ಆಪರೇಷನ್ ದಿನ ತಿಳಿಸು, ರಜೆ ಹಾಕಿ ಬರುತ್ತೇನೆ. "ಬೇಜಾರಿಲ್ಲ" ಅಂತ ಯಾಕೆ ಬರೆದೆ ಅಂತ ತಿಳಿಯಲಿಲ್ಲ. ಬೇಜಾರು ಮಾಡಿಕೊಳ್ಳುವಂಥದ್ದು ಏನಿದೆ?

ನಿನ್ನೆ ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ತಟ್ಟೆ ಹಾಕಿಕೊಂಡು ಕೂತೆ. ತುಂಬ ದಿನದ ಮೇಲೆ ಹೊಟ್ಟೆ ತುಂಬಿತು. ರುಚಿ ಮಾತ್ರ ಗೊತ್ತಾಗಲಿಲ್ಲ.

ಅಕ್ಕ


ಮೇ 19

ಅಕ್ಕ,

ದಿನ ಇನ್ನೂ ಹೇಳಿಲ್ಲ. ಅವರದು ಯಾವಾಗಲೂ ತಡವೇ. ನೀನು ರಜೆ ಹಾಳು ಮಾಡಿಕೊಳ್ಳಬೇಡ. ಇಲ್ಲಿ ಎಲ್ಲ ಮಾಮೂಲು.

ತಮ್ಮ


ಜೂನ್ 9

ಕಡ್ಡಿ,

ಕೂತು ಓದು. ಸೂಜಿ ಚುಚ್ಚಿರುವಾಗ ಓದುತ್ತಿದ್ದರೆ ಎದ್ದು ಬರಲು ಆಗುವುದಿಲ್ಲವಲ್ಲ, ಒಳ್ಳೆಯದೇ ಆಯಿತು.

ಹೋದ ವಾರ ನಿನ್ನ ಆಸ್ಪತ್ರೆಗೆ ನಾನೇ ಫೋನ್ ಮಾಡಿದೆ. ರಜೆ ಅರ್ಜಿಗೆ ದಿನಾಂಕ ಬೇಕಿತ್ತು. ಫೈಲು ನೋಡುವ ಹೆಂಗಸು ಹೇಳಿದಳು, "ಇಲ್ಲಿ ಪಟ್ಟಿ ಗಿಟ್ಟಿ ಏನೂ ಬಂದಿಲ್ಲಮ್ಮ. ಕೊಡೋರು ಅಕ್ಕ, ತೂಕ ಇಳಿಸೋಕೆ ಕಾಯ್ತಾ ಇದೀವಿ ಅಂತಲೇ ಇದೆ. ನೀವೇನಾ ಅಕ್ಕ?" ನಾನೇ ಅಂದೆ. "ಮತ್ತೆ ಯಾಕೆ ಬಂದಿಲ್ಲ?" ಅಂತ ಕೇಳಿದಳು. ಸಿಟ್ಟು ಬಂತು ಕಡ್ಡಿ. ನಾಲ್ಕು ವರ್ಷದಲ್ಲಿ ನನಗೆ ಸರಿಯಾಗಿ ಸಿಟ್ಟು ಬಂದದ್ದು ಇದೇ ಮೊದಲು. ನಾನು ದೊಡ್ಡವಳು, ನನ್ನ ಕಣ್ಣಿಗೇ ಮಣ್ಣೆರಚಿದೆಯಲ್ಲ?

ಆಮೇಲೆ ಸಿಟ್ಟು ಇಳಿಯಿತು, ಯಾಕೆಂದರೆ ಬೈಯುವ ಬಾಯಿ ನನಗೂ ಇಲ್ಲ. ನಾನು ಬರೆದದ್ದೂ ಸುಳ್ಳೇ. ಎಂಬತ್ತೆಂಟು ಸುಳ್ಳು. ಎಂಬತ್ತಾರು ಸುಳ್ಳು. ಫೆಬ್ರವರಿಯ ತೊಂಬತ್ತೆರಡು ಒಂದೇ ನಿಜ. ಅಲ್ಲಿಂದ ಮುಳ್ಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಡೆದೆ, ಉಪವಾಸ ಬಿದ್ದೆ, ಒಮ್ಮೆ ಒಲೆ ಮುಂದೆ ತಲೆ ಸುತ್ತಿ ಕೂತುಬಿಟ್ಟೆ. ಮೂರು ತಿಂಗಳು ಅಂತ ಬಾಯಿ ಬಿಟ್ಟು ಹೇಳಿದವಳು ಏನಂತ ಬರೆಯಲಿ? ಅಳತೆಯನ್ನೂ ತೆಗೆಯಲಿಲ್ಲ. ನೀನು ಕಳಿಸಿದ ಲೆಕ್ಕದಲ್ಲಿ ಎಲ್ಲದರಿಂದಲೂ ಎರಡೆರಡು ಕಳೆದು ಬರೆದೆ. ಈಗ ತೊಂಬತ್ತೈದು ಇದ್ದೇನೆ, ಮೊದಲಿಗಿಂತ ಒಂದು ಜಾಸ್ತಿ.

ಮರುದಿನವೇ ಪುಸ್ತಕ ತೆಗೆದುಕೊಂಡು ಡಯಟ್ ಮೇಡಂ ಹತ್ತಿರ ಹೋದೆ. ಅವಳು ಬೈಯಲಿಲ್ಲ. ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಇಷ್ಟೇ ತಿಂದಿದ್ರೆ ನೀವು ಇಳೀಲೇಬೇಕಿತ್ತು. ಏನೋ ಬಿಟ್ಟಿದೀರಿ" ಅಂದಳು. ನನಗೆ ಮೈ ಉರಿಯಿತು. ಒಂದು ಕಾಳು ಬಿಟ್ಟಿಲ್ಲ ಅಂದೆ. ಅವಳು ಶುಕ್ರವಾರ ರಜೆ ಹಾಕಿ ನಮ್ಮ ಕ್ಯಾಂಟೀನಿಗೇ ಬಂದು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಳು.

ನಾನು ಬೇಳೆಯ ಉಪ್ಪು ನೋಡಿದೆ. "ಇದೇನು?" ಅಂದಳು.

"ರುಚಿ ನೋಡ್ದೆ."

"ಪುಸ್ತಕದಲ್ಲಿ ಬರೀತೀರಾ?"

"ರುಚಿ ನೋಡೋದು ಊಟ ಹೇಗಾಗತ್ತೆ ಮೇಡಂ?"

ಅವಳು ಒಂದು ಪಾತ್ರೆ ತೆಗೆದು ನನ್ನ ಪಕ್ಕ ಇಟ್ಟಳು. ನಾನು ಬಾಯಿಗೆ ಒಂದು ಚಮಚ ಹಾಕಿದಾಗಲೆಲ್ಲ ಅಷ್ಟನ್ನೇ ಆ ಪಾತ್ರೆಗೂ ಹಾಕಬೇಕು. ಬೇಳೆ, ಪಲ್ಯ, ಎಣ್ಣೆಯಲ್ಲಿ ಕರಿದದ್ದು, ಸಿಹಿ ಪಾಯಸದ ಸಕ್ಕರೆ ಹದ, ಪಾಕ ಬಂತೋ ಇಲ್ಲವೋ, ಅನ್ನ ಬೆಂದಿತೋ ಇಲ್ಲವೋ. ಎರಡನೇ ಪಾಳಿ ಮುಗಿಯುವ ಹೊತ್ತಿಗೆ ಪಾತ್ರೆ ತುಂಬಿ ಇನ್ನೊಂದು ಬಟ್ಟಲೂ ಅರ್ಧ ತುಂಬಿತ್ತು. ಒಂಬೈನೂರು ಕ್ಯಾಲೊರಿ ಅಂದಳು. ನಾನು ಆ ಪಾತ್ರೆಯನ್ನೇ ನೋಡುತ್ತ ನಿಂತೆ. ಮೂವತ್ತು ವರ್ಷದಿಂದ ದಿನಾ ಒಂದು ಪೂರ್ತಿ ಊಟ ತಿಂದು, ಅದರ ಮೇಲೆ ನನ್ನ ಊಟ ತಿನ್ನುತ್ತಿದ್ದೆ. ಯಾವ ಅಡುಗೆಯವಳೂ ಅದನ್ನು ಊಟ ಅನ್ನುವುದಿಲ್ಲ ಕಡ್ಡಿ, ಆಣೆಗೂ ಅನ್ನುವುದಿಲ್ಲ. ಅದು ಕೆಲಸ.

ಈಗ ನೀನು ಹೇಳು. ಪಟ್ಟಿ ಅಂತ ಯಾಕೆ ಸುಳ್ಳು ಬರೆದೆ?

ಅಕ್ಕ


ಜೂನ್ 18

ಅಕ್ಕ,

ಎರಡು ಸಲ ಬರೆದು ಹರಿದು ಹಾಕಿದೆ. ಇದು ಮೂರನೆಯದು.

ನಿನ್ನ ಅಳತೆ ಬಂದ ದಿನ ಬಟ್ಟೆಯ ಮೇಲೆ ಸೀಮೆಸುಣ್ಣ ಇಟ್ಟೆ. ಎದೆ ಎರಡು ಇಂಚು ಕಮ್ಮಿ, ಸರಿ. ಸೊಂಟ ಎರಡು ಕಮ್ಮಿ, ಸರಿ. ಭುಜವೂ ಎರಡು ಕಮ್ಮಿ. ತೋಳಿನ ಉದ್ದವೂ ಎರಡು ಕಮ್ಮಿ. ಒಟ್ಟು ಉದ್ದವೂ ಎರಡು ಕಮ್ಮಿ. ಸಣ್ಣಗಾದವರು ಗಿಡ್ಡ ಆಗುವುದಿಲ್ಲ ಅಕ್ಕ. ಎಲುಬು ಕರಗುವುದಿಲ್ಲ. ಇಪ್ಪತ್ತು ವರ್ಷ ಟೇಪು ಕತ್ತಿಗೆ ಹಾಕಿಕೊಂಡವನಿಗೆ ಇಷ್ಟೂ ತಿಳಿಯದಾ? ಸೀಮೆಸುಣ್ಣ ಕೆಳಗಿಟ್ಟು ಅಂಗಡಿ ಬಾಗಿಲು ಎಳೆದುಕೊಂಡೆ.

ನಿನಗೆ ಇಷ್ಟವಿಲ್ಲ ಅಂದುಕೊಂಡೆ. ಬಾಯಿ ಬಿಟ್ಟು ಬೇಡ ಅನ್ನಲಾರದೆ ಸುಳ್ಳು ಲೆಕ್ಕ ಬರೆದು ದಿನ ತಳ್ಳುತ್ತಿದ್ದಾಳೆ ಅಂದುಕೊಂಡೆ. ಐವತ್ತೆರಡು ವರ್ಷದವಳ ಹೊಟ್ಟೆ ಕೊಯ್ಯಿಸುವುದು ಯಾವ ನ್ಯಾಯ ಅಂತ ನನಗೂ ಅನಿಸಿತ್ತು. ಅದಕ್ಕೇ ನಿನಗೆ ದಾರಿ ಬಿಟ್ಟುಕೊಟ್ಟೆ. ಬೇಡ ಅನಿಸಿದ್ದರೂ ತಪ್ಪಿಲ್ಲ. ಈಗಲೂ ತಪ್ಪಿಲ್ಲ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಹೃದಯ ಪ್ರತಿ ಸಲ ನೂರಕ್ಕೆ ಎಷ್ಟು ಪಾಲು ರಕ್ತ ತಳ್ಳುತ್ತದೆ ಅಂತ ಒಂದು ಲೆಕ್ಕ ಇದೆಯಂತೆ. ಜನವರಿಯಲ್ಲಿ ಐವತ್ತು ಇತ್ತು. ಮಾರ್ಚಿನಲ್ಲಿ ನಲವತ್ತೈದು. ಹೋದ ವಾರ ನಲವತ್ತು. ಯಂತ್ರದಲ್ಲಿ ತಿಂಗಳುಗಟ್ಟಲೆ ಇದ್ದರೆ ಹೀಗಾಗುತ್ತದಂತೆ. ಮೂವತ್ತರ ಕೆಳಗೆ ಹೋದರೆ ಅರಿವಳಿಕೆ ತಡೆಯುವುದಿಲ್ಲ, ಆಮೇಲೆ ಯಾರ ಕಿಡ್ನಿ ಇದ್ದರೂ ಹಾಕುವುದಿಲ್ಲ ಅಂದಿದ್ದಾರೆ. ನವೆಂಬರಿನಲ್ಲಿ ಮತ್ತೆ ನೋಡುತ್ತಾರೆ.

ಹೆದರಿಕೆ ಆಗುತ್ತಿದೆ ಅಂತ ಬರೆಯಬೇಕಿತ್ತು. ಬರೆದಿರಲಿಲ್ಲ.

ಕಡ್ಡಿ


ಜುಲೈ 1

ಪ್ರೀತಿಯ ಕಡ್ಡಿ,

ನೀನು ಅಂದುಕೊಂಡದ್ದು ಪೂರ್ತಿ ತಪ್ಪಲ್ಲ. ಪಟ್ಟಿಯಲ್ಲಿ ಹೆಸರು ಬಂತು ಅಂತ ನೀನು ಬರೆದ ದಿನ ನನಗೆ ಹಗುರಾಯಿತು. ಸಂತೋಷವಾಯಿತು ಅಂತ ಬರೆದೆನಲ್ಲ, ಅದು ಸಂತೋಷವಲ್ಲ. ನನ್ನ ಹೊಟ್ಟೆ ಕೊಯ್ಯುವುದು ತಪ್ಪಿತಲ್ಲ ಅನ್ನುವ ಹಗುರ. ಒಂದು ದಿನ ಇತ್ತು, ಆಮೇಲೆ ಅದೂ ಹೋಯಿತು. ನೀನು ಎರಡು ವರ್ಷದವನಿದ್ದಾಗ ನಿನ್ನನ್ನು ಸೊಂಟದ ಮೇಲೆ ಹೊತ್ತು ಆಡಿಸಿದವಳು ನಾನು. ಅಂಥವಳಿಗೂ ಹೀಗೆ ಅನಿಸುತ್ತದೆ. ಬರೆಯದೇ ಇದ್ದರೆ ನಾವು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇವೆ, ಅದಕ್ಕೇ ಬರೆದೆ.

ಈಗ ಕೊಡುತ್ತೇನಾ ಅಂದರೆ ಕೊಡುತ್ತೇನೆ. ಇಷ್ಟವಿದೆಯಾ ಅಂತ ಕೇಳಬೇಡ. ನನ್ನ ಒಳಗೆ ಇಷ್ಟಾನಿಷ್ಟ ಇರುವ ಜಾಗಕ್ಕೆ ಬೀಗ ಬಿದ್ದಿದೆ, ಕೀಲಿ ನನ್ನ ಹತ್ತಿರ ಇಲ್ಲ. ಕೈಕಾಲು ಮಾತ್ರ ಹೇಳಿದ ಹಾಗೆ ಕೇಳುತ್ತವೆ.

ರುಚಿ ನೋಡುವುದನ್ನು ತರಕಾರಿ ಹೆಚ್ಚುವವಳಿಗೆ ಒಪ್ಪಿಸಿದ್ದೇನೆ. ಅವಳು ನಾಲಿಗೆಯ ಮೇಲಿಟ್ಟು "ಇನ್ನೊಂಚೂರು ಉಪ್ಪು" ಅನ್ನುತ್ತಾಳೆ, ನಾನು ಹಾಕುತ್ತೇನೆ. ಮೊದಲ ದಿನ ಬೇಳೆ ಸಮುದ್ರವಾಗಿತ್ತು. ಮ್ಯಾನೇಜರು ಕರೆಸಿ, "ಏನಮ್ಮ, ಕೈ ಜಾರಿತಾ?" ಅಂದರು. ಹೌದು ಸಾರ್ ಅಂದೆ. ಕಣ್ಣು ಕಟ್ಟಿಕೊಂಡು ಬೀದಿ ದಾಟುವ ಹಾಗೆ ಅಡುಗೆ ಮಾಡುತ್ತಿದ್ದೇನೆ.

ತೂಕವನ್ನು ಈಗ ಕ್ಲಿನಿಕ್ಕಿನಲ್ಲೇ ನೋಡಿಸುತ್ತೇನೆ. ಮೇಡಂ ಬರೆದು ಸಹಿ ಹಾಕುತ್ತಾಳೆ, ನೀನು ನನ್ನನ್ನು ನಂಬಬೇಕಾಗಿಲ್ಲ. ತೊಂಬತ್ತಮೂರೂವರೆ. ಸಾವಿರಕ್ಕೆ ಇಳಿಸಲು ಬಿಡುವುದಿಲ್ಲ, ಸಾವಿರದ ನಾನೂರು ತಿನ್ನಲೇಬೇಕಂತೆ. ವಾರಕ್ಕೆ ಅರ್ಧ, ಬಹಳ ಅಂದರೆ ಅರ್ಧಕ್ಕಿಂತ ಚೂರು ಹೆಚ್ಚು. ಹಾಗಾದರೆ ಡಿಸೆಂಬರ್ ಶುರುವಿಗೆ ಎಂಬತ್ತು. ಬೇಗ ಆಗಲಿ ಅಂತ ನಾನು ಅವಳ ಕೈ ಹಿಡಿದು ಕೇಳಿದೆ. "ಓಡಿ ಓಡಿ ಆರು ತಿಂಗಳು ಕಳೆದ್ರಲ್ಲ, ಈಗ ನಡೀರಿ" ಅಂದಳು.

ಅಕ್ಕ


ಆಗಸ್ಟ್ 4

ಕಡ್ಡಿ, ತೊಂಬತ್ತೂವರೆ. ಸಹಿ ಇದೆ ನೋಡು. ಮಂಡಿ ನೋಯುತ್ತದೆ ಅಂತ ಫ್ಯಾಕ್ಟರಿ ಸುತ್ತು ಬಿಟ್ಟು ಈಜುಕೊಳಕ್ಕೆ ಹೋಗು ಅಂದರು. ನೀರಿಗಿಳಿದ ದಿನ ಅಲ್ಲಿದ್ದ ಹೆಂಗಸರೆಲ್ಲ ದಂಡೆ ಹಿಡಿದುಕೊಂಡರು. ನಗು ಬರಬೇಕಿತ್ತು, ಬರಲಿಲ್ಲ. ನೀನಾದರೂ ನಗು. ಅಕ್ಕ.


ಆಗಸ್ಟ್ 15

ಅಕ್ಕ, ನಕ್ಕೆ. ಮೇಷ್ಟ್ರು ಇದ್ದಿದ್ದರೆ ಅವರೂ ನಗುತ್ತಿದ್ದರು. ಅವರ ಹಾಸಿಗೆಗೆ ಈಗ ಒಬ್ಬಳು ಬ್ಯಾಂಕಿನವಳು ಬಂದಿದ್ದಾಳೆ. ಅಂಗಡಿ ಈಗ ವಾರಕ್ಕೆ ಎರಡೇ ದಿನ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ನಿಜ ಬರೆಯಬೇಕು ಅಂತ ಬರೆದೆ, ಹೆದರಿಸಲು ಅಲ್ಲ. ಕಡ್ಡಿ.


ಸೆಪ್ಟೆಂಬರ್ 8

ಕಡ್ಡಿ, ಎಂಬತ್ತೆಂಟು. ಈ ಸಲ ನಿಜದ ಎಂಬತ್ತೆಂಟು. ಅಕ್ಕ.


ಸೆಪ್ಟೆಂಬರ್ 29

ಕಡ್ಡಿ, ಎಂಬತ್ತೆಂಟೇ. ಮೂರು ವಾರದಿಂದ ಅಲ್ಲಾಡಿಲ್ಲ. ಇದು ಎಲ್ಲರಿಗೂ ಆಗುತ್ತದೆ, ಮೈ ಹೊಸ ತೂಕಕ್ಕೆ ಒಗ್ಗಿಕೊಳ್ಳುತ್ತಿದೆ, ಬಿಡದೆ ಮಾಡಿ ಅನ್ನುತ್ತಾಳೆ ಮೇಡಂ. ಒಂದೆರಡು ದಿನ ಊಟ ಬಿಡಬೇಕು ಅನಿಸಿತು. ಬಿಡಲಿಲ್ಲ. ತಟ್ಟೆ ಮುಂದೆ ಕೂತು ಅಷ್ಟನ್ನೂ ತಿಂದೆ. ಹಸಿದುಕೊಂಡಿರುವುದಕ್ಕಿಂತ ಅದು ಕಷ್ಟವಾಯಿತು. ಅಕ್ಕ.


ಅಕ್ಟೋಬರ್ 27

ಕಡ್ಡಿ, ಎಂಬತ್ತನಾಲ್ಕು. ನಿಂತಿದ್ದ ಮುಳ್ಳು ಒಂದೇ ಸಲ ಇಳಿಯುತ್ತಿದೆ, ಹೀಗೂ ಆಗುತ್ತದೆ ಅನ್ನುತ್ತಾಳೆ ಮೇಡಂ. ನೀನು ಬರೆದು ಎರಡು ತಿಂಗಳ ಮೇಲಾಯಿತು. ನಿನ್ನ ಹೆಂಡತಿಗೆ ಫೋನ್ ಮಾಡಿದೆ, ಮಲಗಿದ್ದಾರೆ ಅಂದಳು. ಮಧ್ಯಾಹ್ನ ಹನ್ನೆರಡು ಗಂಟೆಗೆ. ಆರು ವಾರದ ರಜೆಗೆ ಅರ್ಜಿ ಕೊಟ್ಟಿದ್ದೇನೆ, ಡಿಸೆಂಬರ್ ಐದರಿಂದ. ಕಾರಣ ಶಸ್ತ್ರಚಿಕಿತ್ಸೆ ಅಂತ ಬರೆದಿದ್ದೇನೆ. ಅಕ್ಕ.


ನವೆಂಬರ್ 28

ಅಕ್ಕ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇವೆ. ಸಹಿಸಿಕೋ.

ನಿನ್ನೆ ಸ್ಕ್ಯಾನ್ ಆಯಿತು. ಇಪ್ಪತ್ತೆರಡು. ಡಾಕ್ಟರು ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ಅವರು ಕೂತಾಗಲೇ ಗೊತ್ತಾಯಿತು, ಅವರು ಯಾವತ್ತೂ ಕೂರುವವರಲ್ಲ. "ಸೆಪ್ಟೆಂಬರ್ ತನಕ ಮಾಡಬಹುದಿತ್ತು, ಈಗ ಟೇಬಲ್ ಮೇಲೇ ಹೋಗ್ಬಿಡ್ತೀರಿ. ಇನ್ನು ಬೇಡ" ಅಂದರು. ಔಷಧಿಗೆ ಹೃದಯ ಸುಧಾರಿಸಿದರೆ ನೋಡೋಣ ಅಂತಲೂ ಅಂದರು, ಆದರೆ ಅದನ್ನು ಬಾಗಿಲ ಹತ್ತಿರ ನಿಂತು ಅಂದರು. ಯಂತ್ರ ನಡೆಯುತ್ತದೆ, ಅದು ನಡೆಯುವಷ್ಟು ದಿನ.

ನೀನು ಎಷ್ಟರಲ್ಲಿದ್ದೀಯೋ ಗೊತ್ತಿಲ್ಲ. ಹತ್ತಿರ ಬಂದಿರುತ್ತೀಯ. ಇನ್ನು ಸಾಕು ಅಕ್ಕ. ಈ ಸಲ ನಿಜವಾಗಿ ಸಾಕು.

ನಿನಗೆ ಬೇಜಾರಾಗುತ್ತದೆ ಅಂತ ಗೊತ್ತು. ಬೇಜಾರು ಮಾಡಿಕೋ, ತಡೆಯುವುದಿಲ್ಲ.

ಕಡ್ಡಿ


ನವೆಂಬರ್ 30

ಕಡ್ಡಿ,

ಎಪ್ಪತ್ತೊಂಬತ್ತು ಮುಕ್ಕಾಲು!

ಮೇಡಂ ಎರಡು ಸಲ ತೂಗಿದಳು. ಚಪ್ಪಲಿ ಬಿಚ್ಚಿಸಿ ಒಂದು ಸಲ, ಬಳೆ ತೆಗೆಸಿ ಇನ್ನೊಂದು ಸಲ. ಆಮೇಲೆ ಸಹಿ ಹಾಕುವ ಮೊದಲೇ ನನ್ನನ್ನು ತಬ್ಬಿಕೊಂಡು ಅತ್ತಳು. ಗೀಟು ಹಾಕಿದ ಹಾಗೆ ಮಾತಾಡುವವಳು! ನಾನು ಅವಳ ಬೆನ್ನು ತಟ್ಟಿ ಸಮಾಧಾನ ಮಾಡಿದೆ. ನಿನ್ನ ಆಸ್ಪತ್ರೆಯ ಆ ಫೈಲಿನ ಹೆಂಗಸಿಗೆ ಈಗ ಫೋನ್ ಮಾಡುತ್ತೇನೆ, ಅಕ್ಕ ಬರುತ್ತಿದ್ದಾಳೆ ಅಂತ.

ನಿನ್ನ ಕಾಗದ ಇನ್ನೂ ಬಂದಿಲ್ಲ. ಸ್ಕ್ಯಾನ್ ಏನಾಯಿತು?

ನಿನ್ನ ಗುಂಡಕ್ಕ


ಡಿಸೆಂಬರ್ 3

ಕಡ್ಡಿ,

ಫೋನಿನಲ್ಲಿ ಆ ಹೆಂಗಸೇ ಮೊದಲು ಹೇಳಿದಳು. ಹೇಳಬಾರದಿತ್ತು ಅಂತ ಆಮೇಲೆ ನೊಂದುಕೊಂಡಳು. ನಿನ್ನ ಕಾಗದ ನಿನ್ನೆ ಬಂತು. ಓದಿ, ಮಡಿಸಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಮಧ್ಯಾಹ್ನದ ಪಾಳಿಗೆ ಬಡಿಸಿದೆ. ಒಬ್ಬನೂ ಊಟದ ಬಗ್ಗೆ ದೂರಲಿಲ್ಲ.

ಲೆಕ್ಕ ಹಾಕಿದೆ. ನೀನೂ ಹಾಕಿರುತ್ತೀಯ, ನನ್ನಿಂದ ಮುಚ್ಚಿಡುತ್ತೀಯ. ಜನವರಿಯಲ್ಲೇ ಅವಳ ಮಾತು ಕಿವಿಗೆ ಹಾಕಿಕೊಂಡು, ತಿಂಗಳಿಗೊಮ್ಮೆ ಹೋಗಿ ಆ ಪುಸ್ತಕ ತೋರಿಸಿದ್ದರೆ, ಫೆಬ್ರವರಿಯಲ್ಲೇ ಅವಳು ಬಂದು ನನ್ನ ಪಕ್ಕ ಪಾತ್ರೆ ಇಡುತ್ತಿದ್ದಳು. ಜುಲೈ ಕೊನೆಗೆ ಎಂಬತ್ತು ಮುಟ್ಟುತ್ತಿದ್ದೆ, ಹೆಚ್ಚೆಂದರೆ ಆಗಸ್ಟ್. ಆಗಸ್ಟಿನಲ್ಲಿ ನಿನ್ನ ಹೃದಯ ತಡೆಯುತ್ತಿತ್ತು. ನಾನು ಮೂರು ತಿಂಗಳು ಅಂತ ಜಂಬ ಕೊಚ್ಚಿದೆ, ಆಗದಾಗ ಸುಳ್ಳು ಬರೆದೆ. ನೀನು ನನ್ನ ಸುಳ್ಳು ಹಿಡಿದೆ, ಹಿಡಿದೆ ಅಂತ ಹೇಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದು ಅಂತ ಮಾಡಿದ್ದು. ಹೆಚ್ಚಿನ ಪಾಲು ನನ್ನದು, ಅದರಲ್ಲಿ ನೀನು ವಾದ ಮಾಡಬೇಡ, ನಾನು ದೊಡ್ಡವಳು.

ನಿನ್ನೆ ಸಂಜೆ ಬೇಳೆ ಇಳಿಸುವಾಗ ತರಕಾರಿ ಹೆಚ್ಚುವವಳು ಬಂದಿರಲಿಲ್ಲ. ನಾನೇ ಒಂದು ಚಮಚ ಬಾಯಿಗಿಟ್ಟೆ. ಉಪ್ಪು ಸರಿಯಾಗಿತ್ತು. ಆಗ ಅಳು ಬಂತು. ಯಾವಾಗ ನಿಂತಿತೋ ಗೊತ್ತಿಲ್ಲ, ಬೇಳೆ ತಳ ಹತ್ತಿತ್ತು. ನಿನ್ನ ಭಾವ ಹೋದಾಗ ಬರಬೇಕಾಗಿದ್ದದ್ದೂ ಇದರ ಜೊತೆಗೇ ಬಂತು ಅಂತ ಕಾಣುತ್ತದೆ.

ಇವತ್ತು ಬೆಳಿಗ್ಗೆ ಮ್ಯಾನೇಜರು ಕರೆಸಿದರು. ಸುದ್ದಿ ಹೇಗೋ ಅವರ ಕಿವಿಗೂ ಬಿದ್ದಿದೆ. ನನ್ನ ರಜೆ ಅರ್ಜಿ ಮೇಜಿನ ಮೇಲಿತ್ತು.

"ಆಪರೇಷನ್ ಇಲ್ವಂತಲ್ಲಮ್ಮ. ರಜೆ ವಾಪಸ್ ತಗೋತೀರಾ?"

"ಇಲ್ಲ ಸಾರ್. ಐದನೇ ತಾರೀಕು ಹೋಗ್ತೀನಿ."

"ಹಾಗಾದ್ರೆ ಕಾರಣ ಬದಲಾಯಿಸ್ಬೇಕಲ್ಲ. ಏನಂತ ಬರೀಲಿ?"

ಪೆನ್ನು ಹಿಡಿದು ಕಾಯುತ್ತ ಕೂತರು.

"ತಮ್ಮ ಇದಾನೆ ಅಂತ ಬರೀರಿ" ಅಂದೆ.

ಬರೆದರು. ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ.

ನಿನ್ನ ಅಕ್ಕ